ಮಹನೀಯರ ಹಲ್ಲು, ಮಾವನ ಬಾಯಿ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ಯಾರು ಏನು ಹೇಳಿದರೂ "ಆಯ್ತು" ಅನ್ನುವುದೇ ಅಭ್ಯಾಸವಾಗಿದ್ದರಿಂದ ಊರಿಗೆಲ್ಲ ಆತ ಆಯ್ತಪ್ಪ. ಪಕ್ಕದ ಮನೆಯವರು ಏಣಿ ಕೇಳಿದರೆ ಆಯ್ತು. ಏಣಿ ಇನ್ನು ವಾಪಸ್ ಬರುವುದಿಲ್ಲ ಎಂದರೂ ಆಯ್ತು. ಮದುವೆಯ ಮಾತುಕತೆಯ ದಿನ ಹುಡುಗಿಯ ಅಪ್ಪ, "ನಮ್ಮ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ" ಎಂದಾಗಲೂ ಆತ ಅದನ್ನೇ ಅಂದಿದ್ದ. ಮದುವೆ ಹಾಗೇ ಆಗಿಹೋಯಿತು.

ಇಂಥವನಿಗೆ ಸಿಕ್ಕಿದ್ದ ಕೆಲಸ ನೋಡಿ. "ಇಲ್ಲ" ಎಂಬ ಒಂದೇ ಒಂದು ಮಾತಿನಿಂದ ಪ್ರಸಿದ್ಧರಾದ ಮಹನೀಯರ ಸ್ಮಾರಕ ಭವನದಲ್ಲಿ ಅಟೆಂಡರ್.

ಮಹನೀಯರ ಕಥೆ ಆ ಊರಿನಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಹಿಂದೆ ಆಳುವವರು ಊರ ನಡುವಿನ ದೊಡ್ಡ ಬಯಲನ್ನು ಮಾರಿಬಿಡಲು ಹೊರಟಿದ್ದರು. ಸಭೆ ಸೇರಿಸಿದರು. ಊರಿನ ಗಣ್ಯರೆಲ್ಲ ಒಬ್ಬೊಬ್ಬರಾಗಿ ಎದ್ದು, ಬಯಲು ಎಂದರೆ ತಮಗೆ ಪ್ರಾಣ ಎಂದು ಉದ್ದುದ್ದ ಭಾಷಣ ಮಾಡಿ, ಕೊನೆಯಲ್ಲಿ ಮಾರಾಟಕ್ಕೆ ಒಪ್ಪಿ ಕೂತರು. ಮಹನೀಯರ ಸರದಿ ಬಂತು. "ಒಪ್ಪುತ್ತೀರಾ?" ಎಂದು ಕೇಳಿದರು. ಅವರು ಎದ್ದು ನಿಂತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇಲ್ಲ" ಎಂದರು. ಮತ್ತೊಂದು ಮಾತಾಡದೆ ಬಾಗಿಲು ದಾಟಿ ಹೊರಟುಹೋದರು. ಒಬ್ಬರು ಒಪ್ಪದಿದ್ದರೂ ಮಾರುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಬಯಲು ಉಳಿಯಿತು. ಈಗ ಅಲ್ಲಿ ಊರಿನವರು ಬಟ್ಟೆ ಒಣಗಿಸುತ್ತಾರೆ.

ಪ್ರತಿ ವರ್ಷ ಆ ದಿನ ಊರಿನವರು ಸ್ಮಾರಕ ಭವನದ ಅಂಗಳದಲ್ಲಿ ಸೇರುತ್ತಾರೆ. ವೇದಿಕೆಯ ಮೇಲಿನಿಂದ ಒಬ್ಬರು "ಇಲ್ಲ" ಎಂದರೆ ಎಲ್ಲರೂ ಒಟ್ಟಾಗಿ "ಇಲ್ಲ" ಅನ್ನಬೇಕು. ಅಲ್ಲಿಂದ ಗೇಟು ದಾಟುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಕಾಲು ತುಳಿದರೂ ನರಳುವಂತಿಲ್ಲ. ಗಂಡಂದಿರಿಗೆ ಬಹಳ ಇಷ್ಟವಾದ ಸಂಪ್ರದಾಯವಿದು.

ಆಯ್ತಪ್ಪನ ಕೆಲಸ ಕಷ್ಟದ್ದೇನಲ್ಲ. ಮಹನೀಯರ ಕೋಣೆ ಅವರು ಆ ಸಭೆಗೆಂದು ಬಿಟ್ಟುಹೋದ ಹಾಗೆಯೇ ಇರಬೇಕು, ಅಷ್ಟೇ. ಹೊದಿಕೆಯ ಮಡಿಕೆ ಬಾಗಿಲ ಕಡೆಗಿರಬೇಕು. ಕೊಡೆ ಮೂಲೆಗೆ ಒರಗಿರಬೇಕು. ಮಂಚದ ಪಕ್ಕದ ಗಾಜಿನ ಲೋಟಕ್ಕೆ ದಿನವೂ ಬೆಳಗ್ಗೆ ಹೊಸ ನೀರು ತುಂಬಿಸಿಡಬೇಕು, ಮಹನೀಯರು ಈಗಷ್ಟೇ ಎದ್ದು ಹೊರಗೆ ಹೋಗಿದ್ದಾರೆ ಅನ್ನಿಸಬೇಕು. ಹೊರಗಿನ ಒಂದು ವಸ್ತುವೂ ಒಳಗೆ ಬರಕೂಡದು. ಇವನಿಗಿಂತ ಮುಂಚೆ ಇದ್ದ ಅಟೆಂಡರ್ ಮಹನೀಯರ ಕುರ್ಚಿಯ ಮೇಲೆ ತನ್ನ ಒದ್ದೆ ಟವೆಲ್ ಹಾಕಿದ್ದಕ್ಕೆ ಕೆಲಸವನ್ನೇ ಕಳೆದುಕೊಂಡಿದ್ದ.

ಈಗ ಮಾವನ ವಿಷಯಕ್ಕೆ ಬರೋಣ. ಮಾವ ಎಂದರೆ ಆಯ್ತಪ್ಪನ ಹೆಂಡತಿಯ ಅಪ್ಪ, ಹರಾಜು ಕೂಗಿಯೇ ಜೀವನ ಮಾಡಿದವರು. ಮುರುಕು ಮೇಜನ್ನೂ ಅರಮನೆಯ ಮೇಜಿನಂತೆ ಮಾರಿಬಿಡುವ ಬಾಯಿ ಅವರದು. ನಿವೃತ್ತಿಯಾದ ಮೇಲೂ ಬಾಯಿ ನಿವೃತ್ತಿಯಾಗಿರಲಿಲ್ಲ. ಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತರೂ "ಒಂದ್ಸಲ, ಎರಡ್ಸಲ" ಎಂದು ಕೂಗುತ್ತಿದ್ದರು. ಅಂಥವರ ಹಲ್ಲು ಪೂರ್ತಿ ಹೋಗಿ, ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಮೊಮ್ಮಗಳ, ಅಂದರೆ ಆಯ್ತಪ್ಪನ ಮಗಳ, ಮದುವೆಗೆ ಸ್ವಲ್ಪ ದಿನ ಇದೆ ಎನ್ನುವಾಗ ಬಿರುಕು ಬಿಟ್ಟಿತು. ಮದುವೆ ಮನೆಯಲ್ಲಿ ಆಶೀರ್ವಾದದ ನಾಲ್ಕು ಮಾತು ಆಡಬೇಕಾದವರು ಅವರೇ. ಹಲ್ಲಿಲ್ಲದೆ ತಾನು ಬರುವುದಿಲ್ಲ ಎಂದು ಮಾವ ಮುದ್ದೆಯಾದ ಮಾತಿನಲ್ಲೇ ಹಟ ಹಿಡಿದರು. ತಾತ ಬರದಿದ್ದರೆ ತಾನೂ ಮದುವೆಗೆ ಕೂರುವುದಿಲ್ಲ ಎಂದು ಮೊಮ್ಮಗಳು ಹಟ ಹಿಡಿದಳು. ಇಬ್ಬರಿಗೂ ಒಂದೇ ವಂಶದ ಹಟ. ಅಲ್ಲಿಗೆ ಮದುವೆ ಪೂರ್ತಿ ಒಂದು ಹಲ್ಲಿನ ಸೆಟ್ಟಿನ ಮೇಲೆ ನಿಂತಿತು.

ಹಲ್ಲು ಕಟ್ಟುವವನು ಅದನ್ನು ಸರಿಮಾಡಿ, ಕೆಲಸಕ್ಕೆ ಹೊರಟಿದ್ದ ಆಯ್ತಪ್ಪನ ಕೈಗೆ ಕೊಟ್ಟ.

"ನೋಡಿ, ಇದು ಒಣಗಬಾರದು. ಒಣಗಿದ್ರೆ ಮತ್ತೆ ಬಿರುಕು ಬಿಡುತ್ತೆ. ಹೋದ ತಕ್ಷಣ ನೀರಲ್ಲಿ ಹಾಕಿಡಿ."

"ಆಯ್ತು."

ಆತ ಮಾತಿಗೆ ತಪ್ಪುವವನಲ್ಲ. ಹೋದ ತಕ್ಷಣ ನೀರಲ್ಲಿ ಹಾಕಿಟ್ಟ. ಭವನದಲ್ಲಿ ತುಂಬಿಟ್ಟ ನೀರು ಇದ್ದದ್ದು ಒಂದೇ ಕಡೆ. ಸಾಯಂಕಾಲ ಬಾಗಿಲು ಹಾಕುವಾಗ ತೆಗೆದುಕೊಂಡರಾಯಿತು, ಅಷ್ಟರಲ್ಲಿ ಮಹನೀಯರೇನೂ ನೀರು ಕೇಳುವುದಿಲ್ಲ ಎಂದುಕೊಂಡು ಅಂಗಳ ಗುಡಿಸಲು ಹೋದ. ಗುಡಿಸುತ್ತಾ ಗುಡಿಸುತ್ತಾ ಹಲ್ಲಿನ ವಿಷಯ ಪೂರ್ತಿ ಮರೆತ.

ಅವತ್ತೇ ಸಂಶೋಧಕರು ಬರಬೇಕೇ? ಅವರು ಭವನಕ್ಕೆ ಹೊಸಬರಲ್ಲ. ಮಹನೀಯರು ಒಂದೇ ಮಾತು ಯಾಕೆ ಆಡಿದರು ಎಂಬ ಒಂದೇ ಪ್ರಶ್ನೆಯ ಹಿಂದೆ ತಲೆಗೂದಲನ್ನೆಲ್ಲ ಕಳೆದುಕೊಂಡವರು. ಅವರ ಪುಸ್ತಕಕ್ಕೆ ಮುನ್ನುಡಿ ಇತ್ತು, ಕೃತಜ್ಞತೆ ಇತ್ತು, ನಡುವೆ ಏನೂ ಇರಲಿಲ್ಲ. ಪ್ರತಿ ಸಲ ಬಂದಾಗಲೂ ಕೊಡೆಯನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುವುದು ವಾಡಿಕೆ. ಅವತ್ತು ಲೋಟದ ಕಡೆ ತಿರುಗಿದವರು ಹಾಗೇ ನೆಲದ ಮೇಲೆ ಕುಸಿದು ಕೂತರು.

ಭವನದ ಮೇಲ್ವಿಚಾರಕರು ಓಡಿ ಬಂದರು. ಅವರ ಹಿಂದೆ ಪೊರಕೆ ಹಿಡಿದು ಆಯ್ತಪ್ಪ ಬಂದ. ಲೋಟದೊಳಗಿಂದ ಮಾವನ ಹಲ್ಲು ಅವನನ್ನು ನೋಡಿ ನಗುತ್ತಿತ್ತು.

"ಇಷ್ಟು ವರ್ಷ ಕಣ್ಣೆದುರಿಗೇ ಇತ್ತಲ್ರೀ ಇದು," ಎಂದರು ಸಂಶೋಧಕರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಮಹನೀಯರಿಗೆ ಹಲ್ಲೇ ಇರಲಿಲ್ಲ. ಅವತ್ತು ಸಭೆಗೆ ಹೋಗೋ ಗಡಿಬಿಡೀಲಿ ಸೆಟ್ಟು ಇಲ್ಲೇ ಮರೆತು ಹೋದ್ರು. ಹಲ್ಲಿಲ್ಲದ ಬಾಯಲ್ಲಿ ಭಾಷಣ ಆಗುತ್ತಾ? ಅದಕ್ಕೇ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದು. ಅದಕ್ಕೇ ಒಂದೇ ಮಾತು. ಅದಕ್ಕೇ ಮಾತಾಡದೆ ಮನೆಗೆ ಓಡಿದ್ದು."

ಮೇಲ್ವಿಚಾರಕರಿಗೆ ಒಳಗೊಳಗೇ ದಿಗಿಲು. ತನ್ನ ಸುಪರ್ದಿಯಲ್ಲಿರುವ ಕೋಣೆಯಲ್ಲಿ ಹಲ್ಲು ಇರುವುದು ತನಗೇ ಗೊತ್ತಿರಲಿಲ್ಲ ಎಂದರೆ ಮರ್ಯಾದೆ ಏನಾದೀತು? ಅವರು ಗಂಟಲು ಸರಿಮಾಡಿಕೊಂಡರು.

"ನಮಗೆ ಮೊದಲಿಂದಲೂ ಗೊತ್ತಿತ್ತು ಸಾರ್. ಯೋಗ್ಯರಾದವರ ಕಣ್ಣಿಗೆ ಬೀಳಲಿ ಅಂತ ಕಾಯ್ತಿದ್ವಿ. ಅಲ್ವೇನಪ್ಪ?"

ಒಂದು ಕಡೆ ನೆಲದ ಮೇಲೆ ಕೂತು ಅಳುತ್ತಿರುವ ವಿದ್ವಾಂಸರು. ಇನ್ನೊಂದು ಕಡೆ ಟವೆಲ್ ಹಾಕಿ ಕೆಲಸ ಕಳೆದುಕೊಂಡವನ ನೆನಪು. ಆಯ್ತಪ್ಪ ಬಾಯಿ ತೆರೆದ. ಬರುವ ಮಾತೇ ಬಂತು.

"ಆಯ್ತು ಸಾರ್."

ಸಾಯಂಕಾಲದೊಳಗೆ ಲೋಟದ ಮೇಲೆ ಗಾಜಿನ ಪೆಟ್ಟಿಗೆ ಕೂತಿತು, ಪೆಟ್ಟಿಗೆಗೆ ಬೀಗ ಬಿತ್ತು, ಬೀಗದ ಕೈ ಮೇಲ್ವಿಚಾರಕರ ಕೊರಳಿಗೆ ಹೋಯಿತು.

ಮನೆಯಲ್ಲಿ ಹೆಂಡತಿ, "ಅಪ್ಪನ ಹಲ್ಲೆಲ್ಲಿ ರೀ?" ಎಂದಾಗ ಆಯ್ತಪ್ಪ, ಇನ್ನೂ ರಿಪೇರಿಯಲ್ಲಿದೆ ಎಂದ. ಮಾವ ಮೂಲೆಯಲ್ಲಿ ಗಂಜಿಯ ಬಟ್ಟಲು ಹಿಡಿದು ಅಳಿಯನನ್ನು ದುರುಗುಟ್ಟಿ ನೋಡಿದರು. ಹರಾಜಿನವರ ಕಣ್ಣು, ಸುಳ್ಳು ಬೆಲೆಯನ್ನು ದೂರದಿಂದಲೇ ಗುರುತಿಸುವಂಥದ್ದು.

ಮುಂದಿನ ದಿನಗಳಲ್ಲಿ ಆದದ್ದನ್ನೆಲ್ಲ ಊರೇ ಕಂಡಿದೆ. ಪತ್ರಿಕೆಯಲ್ಲಿ ಹಲ್ಲಿನ ಫೋಟೋ ಮುಖಪುಟಕ್ಕೆ ಬಂತು. ಸ್ಮಾರಕ ಭವನಕ್ಕೆ ಎಂದೂ ಕಾಲಿಡದವರು ಸಾಲು ನಿಂತರು. ಶಾಲೆಯಲ್ಲಿ ಮೇಷ್ಟ್ರು, ಮಹನೀಯರು ಹಲ್ಲು ಉಜ್ಜುತ್ತಿರಲಿಲ್ಲ, ಆದ್ದರಿಂದಲೇ ದೇಶಕ್ಕೆ ಒಳ್ಳೆಯದಾಯಿತು ಎಂದು ಪಾಠ ಮಾಡಿ, ಮಕ್ಕಳಿಗೆ ಏನು ಹೇಳಿದಂತಾಯಿತು ಎಂದು ಆಮೇಲೆ ತಲೆ ಕೆರೆದುಕೊಂಡರು. ಬಯಲಿನಲ್ಲಿ ಬಟ್ಟೆ ಒಣಗಿಸುವ ಹೆಂಗಸರಲ್ಲಿ ಎರಡು ಪಕ್ಷವಾಯಿತು. ಹಲ್ಲಿದ್ದಿದ್ದರೆ ಮಹನೀಯರು ಇನ್ನೂ ಚೆನ್ನಾಗಿ ಬೈಯುತ್ತಿದ್ದರು ಎಂದು ಒಂದು ಪಕ್ಷ, ಹಲ್ಲಿದ್ದಿದ್ದರೆ ಅವರೂ ಭಾಷಣ ಮಾಡಿ ಒಪ್ಪಿಬಿಡುತ್ತಿದ್ದರು ಎಂದು ಇನ್ನೊಂದು. ಎರಡು ಪಕ್ಷದವರೂ ಬಟ್ಟೆಯ ಹಗ್ಗವನ್ನು ಬೇರೆ ಬೇರೆ ಕಟ್ಟಿಕೊಂಡರು.

ಹಲ್ಲಿನ ಕಾಲ ನಿರ್ಣಯಕ್ಕೆ ತಜ್ಞರೊಬ್ಬರು ಬೇಕೆಂದು ಮೇಲ್ವಿಚಾರಕರು ಹಲ್ಲು ಕಟ್ಟುವವನನ್ನೇ ಕರೆಸಿದರು. ಆಯ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ತಾನು ಹೇಳಲಾಗದ್ದನ್ನು ಅವನಾದರೂ ಹೇಳುತ್ತಾನಲ್ಲ. ಹಲ್ಲು ಕಟ್ಟುವವನು ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದ. ತನ್ನ ಕೈಕೆಲಸ ತನಗೆ ಗೊತ್ತಾಗದೆ ಇರುತ್ತದೆಯೇ? ಎಡಗಡೆ ಕೋರೆಹಲ್ಲು ಒಂಚೂರು ಸೊಟ್ಟಗಿತ್ತು. ಹರಾಜಿನ ಹಳೆಯ ಗಿರಾಕಿಗಳು ಗುರುತು ಹಿಡಿಯಬೇಕೆಂದು ಮಾವ ಹೇಳಿ ಮಾಡಿಸಿದ್ದ ಸೊಟ್ಟ ಅದು. ಅವನು ತಲೆಯೆತ್ತಿ ಆಯ್ತಪ್ಪನನ್ನು ನೋಡಿದ, ಬಾಯಿ ತೆರೆದ.

ಅಷ್ಟರಲ್ಲಿ ಸಂಶೋಧಕರು, "ಎಂಥ ಕೆಲಸ ನೋಡಿ. ಈ ನಾಜೂಕು, ಈ ಹೊಳಪು. ಆ ಕಾಲದವರ ಕೈಲಿ ದೇವರಿದ್ದ. ಈಗಿನವರಿಗೆ ಇದೆಲ್ಲ ಎಲ್ಲಿ ಬರಬೇಕು?" ಎಂದರು.

ಹಲ್ಲು ಕಟ್ಟುವವನು ತೆರೆದ ಬಾಯಿ ಮುಚ್ಚಿದ. ಅವನ ಕೆಲಸವನ್ನು ಹುಟ್ಟಿದಾಗಿನಿಂದ ಯಾರೂ ಹೊಗಳಿರಲಿಲ್ಲ. ಗಿರಾಕಿಗಳೆಲ್ಲ ಚುಚ್ಚುತ್ತದೆ ಎಂದು ಬೈಯುವವರೇ.

"ನಿಜ ಸಾರ್," ಎಂದ ಅವನು ನಿಧಾನವಾಗಿ. "ಇಂಥ ಕೈ ಈಗ ಈ ಊರಲ್ಲಿ ಒಬ್ಬನಿಗೇ ಇರೋದು. ಬಸ್ ನಿಲ್ದಾಣದ ಎದುರು, ಮಹಡಿ ಮೇಲೆ ಅಂಗಡಿ."

ಮರುದಿನ ಅವನ ಅಂಗಡಿಯ ಮುಂದೆ "ಮಹನೀಯರ ಮಾದರಿಯ ಹಲ್ಲುಗಳನ್ನು ಕಟ್ಟಿಕೊಡಲಾಗುವುದು" ಎಂಬ ಬೋರ್ಡು ಬಿತ್ತು. ಆಯ್ತಪ್ಪ ಹೋಗಿ, ಮಾವನಿಗೆ ಬೇರೆ ಒಂದು ಸೆಟ್ಟಾದರೂ ಮಾಡಿಕೊಡು ಎಂದು ಕೈಮುಗಿದ. ಮೆಟ್ಟಿಲ ಮೇಲೆಲ್ಲ ಜನ ಕೂತಿದ್ದರು. ಗಟ್ಟಿ ಹಲ್ಲಿದ್ದವರೂ ಕೀಳಿಸಿಕೊಳ್ಳಲು ತಯಾರಾಗಿ ಬಂದಿದ್ದರು, ಕೋರೆಹಲ್ಲು ಮಾತ್ರ ಸೊಟ್ಟಗೇ ಇರಬೇಕಂತೆ.

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ," ಎಂದ ಹಲ್ಲು ಕಟ್ಟುವವನು. "ಆದ್ರೆ ಮದುವೆಯೊಳಗೆ ಆಗಲ್ಲ. ಸರದಿಯಲ್ಲಿ ಬನ್ನಿ."

"ಆಯ್ತು."

ಗುಟ್ಟು ಒಡೆದದ್ದು ಪತ್ರಿಕೆಯಿಂದ. ಪಕ್ಕದ ಮನೆಯಾಕೆ ಹಪ್ಪಳವನ್ನೋ ಏನನ್ನೋ ಕಟ್ಟಿಕೊಟ್ಟಿದ್ದ ಹಳೆಯ ಪೇಪರಿನಲ್ಲಿ ಮಾವ ತನ್ನ ಹಲ್ಲನ್ನು ತಾನೇ ಕಂಡರು. ಕೋರೆಹಲ್ಲಿನ ಮೇಲೆ ಬೆರಳಿಟ್ಟರು. ಆಮೇಲೆ ಎದ್ದು ನಿಂತು, ಕೈ ಬೀಸುತ್ತಾ, ಎಂಜಲು ಹಾರಿಸುತ್ತಾ, ಬಹಳ ಹೊತ್ತು ಮಾತಾಡಿದರು. ಒಂದು ಅಕ್ಷರವೂ ಯಾರಿಗೂ ಅರ್ಥವಾಗಲಿಲ್ಲ.

"ಅಪ್ಪ ನಿಮ್ಮನ್ನ ಬೈತಿದಾರೆ," ಎಂದಳು ಹೆಂಡತಿ. "ಪೂರ್ತಿ ಹೇಳೋದು ನನ್ನ ಬಾಯಲ್ಲಿ ಆಗಲ್ಲ. ಹೇಳಿ, ಏನಿದೆಲ್ಲ?"

ಆಯ್ತಪ್ಪ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಅಳು ಬಂತು. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಒಳಗೆ ಹೋಗಿ ಮದುವೆಯ ಸೀರೆಯನ್ನು ಮಡಿಚಿ ಪೆಟ್ಟಿಗೆಗೆ ಹಾಕಿದಳು.

"ನಾಳೆ ಹೋಗಿ ಹೇಳಿಬಿಡಿ, ಅದು ನಮ್ಮ ಹಲ್ಲು ಅಂತ," ಎಂದಳು ಹೆಂಡತಿ.

"ಹೇಳಕ್ಕೆ ಹೋದ್ರೆ ಬಾಯಿಗೆ ಅದೇ ಮಾತು ಬರುತ್ತೆ ಕಣೇ. ಸಂಶೋಧಕರು ಬೇರೆ, ಆ ಹಲ್ಲು ಬಾಯಲ್ಲಿ ಇದ್ದಿದ್ರೆ ಮಹನೀಯರು ಇಲ್ಲ ಅಂತ ಅಂತಿರಲೇ ಇಲ್ಲ ಅಂತ ಪುಸ್ತಕ ಬರೀತಿದಾರೆ."

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಲ್ಲಿಲ್ಲದ ಬಾಯಲ್ಲಿ ಇಲ್ಲ ಅನ್ನೋದು ಎಷ್ಟು ಸುಲಭವೋ ಆಯ್ತು ಅನ್ನೋದೂ ಅಷ್ಟೇ ಸುಲಭ. ಆ ಪುಣ್ಯಾತ್ಮ ಅನ್ನಲಿಲ್ಲ. ನಿಮ್ಮ ಬಾಯಲ್ಲಿ ಎಲ್ಲಾ ಹಲ್ಲೂ ಇವೆ."

ಆಯ್ತಪ್ಪ ನಾಲಿಗೆಯಿಂದ ಒಂದೊಂದೇ ಹಲ್ಲನ್ನು ಮುಟ್ಟಿ ನೋಡಿಕೊಂಡ. ಎಲ್ಲವೂ ಇದ್ದವು.

ಮದುವೆಯ ಹಿಂದಿನ ದಿನವೇ ಮಹನೀಯರ ದಿನ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ, ಅದಕ್ಕೊಂದು ಹೂವಿನ ಹಾರ. ಮುಂದಿನ ಸಾಲಿನಲ್ಲಿ ಹೆಂಡತಿ, ಮಗಳು, ನಡುವೆ ಬಾಯಿಗೆ ಕರವಸ್ತ್ರ ಹಿಡಿದ ಮಾವ. ಸಂಶೋಧಕರು ಭಾಷಣ ಮಾಡಿದರು. ಮೇಲ್ವಿಚಾರಕರು ಅದಕ್ಕಿಂತ ದೊಡ್ಡ ಭಾಷಣ ಮಾಡಿದರು. ಕೊನೆಗೆ, ಈ ಅಮೂಲ್ಯ ಹಲ್ಲು ಇನ್ನು ಮುಂದೆ ರಾಜಧಾನಿಯ ದೊಡ್ಡ ವಸ್ತು ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇರುತ್ತದೆ ಎಂದು ಘೋಷಿಸಿ, ಆಯ್ತಪ್ಪನನ್ನು ವೇದಿಕೆಗೆ ಕರೆದರು.

"ದಿನಾ ಲೋಟಕ್ಕೆ ನೀರು ಹಾಕಿ ಈ ಹಲ್ಲನ್ನ ಕಾಪಾಡಿದವನು ಇವನೇ. ಆದ್ದರಿಂದ ಈ ಗೌರವವೂ ಇವನಿಗೇ. ನಾಳೆ ಬೆಳಗ್ಗೆ ನೀನೇ ಇದನ್ನ ರಾಜಧಾನಿಗೆ ತಗೊಂಡು ಹೋಗ್ತೀಯ, ಅಲ್ವೇನಪ್ಪ?"

ಆಯ್ತಪ್ಪ ಮೈಕಿನ ಮುಂದೆ ನಿಂತ. ಬಾಯಿ ತೆರೆದ. ಮಾತು ಗಂಟಲಿಗೆ ಬಂತು, ಅವನಿಗೆ ಚಿರಪರಿಚಿತವಾದ ಮಾತು. ಅದನ್ನು ನುಂಗಿದ. ಮತ್ತೆ ಬಂತು. ಮತ್ತೆ ನುಂಗಿದ. ಮುಂದಿನ ಸಾಲಿನಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ಹೊತ್ತು ಸುಮ್ಮನೆ ನಿಂತವರನ್ನು ಆ ಊರು ಒಂದೇ ಒಂದು ಸಲ ಕಂಡಿತ್ತು.

"ಇಲ್ಲ," ಎಂದ ಆಯ್ತಪ್ಪ.

ಅಂಗಳದ ಜನರೆಲ್ಲ ಒಂದೇ ಗಂಟಲಿನಲ್ಲಿ "ಇಲ್ಲ" ಎಂದರು. ಎದ್ದರು. ತುಟಿ ಬಿಗಿದುಕೊಂಡು ಗೇಟಿನ ಕಡೆ ಹೊರಟರು. ಈ ವರ್ಷದ ಅಭಿನಯ ಬಹಳ ಚೆನ್ನಾಗಿತ್ತು ಎಂಬ ಭಾವ ಎಲ್ಲರ ಮುಖದಲ್ಲೂ ಇತ್ತು.

"ಅಯ್ಯೋ, ನಿಲ್ಲಿ. ಅದು ಮಹನೀಯರ ಹಲ್ಲಲ್ಲ," ಎಂದು ಆಯ್ತಪ್ಪ ಮೈಕಿನಲ್ಲಿ ಹೇಳಿದ. "ನಮ್ಮ ಮಾವನದು. ನಾನೇ ಲೋಟದಲ್ಲಿ ಇಟ್ಟಿದ್ದು. ನೀರಲ್ಲಿಡಿ ಅಂದಿದ್ರು, ಅದಕ್ಕೆ."

ಎಲ್ಲರಿಗೂ ಕೇಳಿಸಿತು. ಆದರೆ ಗೇಟು ದಾಟುವ ತನಕ ಯಾರೂ ಮಾತಾಡುವಂತಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹುಬ್ಬು ಹಾರಿಸಿ, ನಡೆಯುತ್ತಲೇ ಇದ್ದರು. ಮೇಲ್ವಿಚಾರಕರ ಮುಖ ಕೆಂಪಾಯಿತು, ನೇರಳೆಯಾಯಿತು. ಅವರ ತಲೆಯ ಮೇಲೇ "ಗೇಟು ದಾಟುವ ತನಕ ಮೌನ" ಎಂಬ ಬೋರ್ಡು ತೂಗುತ್ತಿತ್ತು, ಕೆಳಗೆ ಅವರದೇ ಸಹಿ.

ಮಾವನಿಗೆ ಇಷ್ಟು ಸಾಕಾಗಿತ್ತು. ಅವರು ವೇದಿಕೆ ಹತ್ತಿ ಗಾಜಿನ ಪೆಟ್ಟಿಗೆಯನ್ನು ಹಾರದ ಸಮೇತ ಎರಡೂ ಕೈಯಲ್ಲಿ ಎತ್ತಿದರು. ನೆಲಕ್ಕೆ ಕುಕ್ಕುವವರ ಹಾಗೆ ತಲೆಯ ಮೇಲಕ್ಕೆತ್ತಿ, ಮೇಲ್ವಿಚಾರಕರನ್ನು ನೋಡಿದರು. ಮೇಲ್ವಿಚಾರಕರು ಕೂಗಲಾರದೆ ಕೈ ಬೀಸಿದರು. ಮಾವ ಅವರ ಕೊರಳಿನ ಬೀಗದ ಕೈಯನ್ನು ಗಲ್ಲದಿಂದ ತೋರಿಸಿದರು. ಒಂದು ಮಾತೂ ಇಲ್ಲದೆ ಬೀಗ ತೆರೆಯಿತು. ಮಾವ ಲೋಟದಿಂದ ಹಲ್ಲು ತೆಗೆದು, ನೀರು ಕೊಡವಿ, ಬಾಯಿಗೆ ಹಾಕಿಕೊಂಡು ಕಚ್ಚಿದರು. ಕಟ್ ಎಂದು ಕೂತಿತು.

ಅವರು ಮೈಕು ಹಿಡಿದರು.

"ಗಾಜಿನ ಪೆಟ್ಟಿಗೆ, ಹಿತ್ತಾಳೆ ಬೀಗ, ಹೊಸಾ ಹಾರ," ಎಂದು ಕೂಗಿದರು. "ಒಂದ್ಸಲ. ಎರಡ್ಸಲ. ಮೂರ್ಸಲ."

ಗೇಟಿನ ಹತ್ತಿರದ ಜನ ತಿರುಗಿ ನಿಂತರು. ಆ ಗಂಟಲು, ಆ ಸೊಟ್ಟ ಕೋರೆಹಲ್ಲು ಯಾರಿಗೆ ಗೊತ್ತಿಲ್ಲ? ಅಂಗಳದಲ್ಲಿದ್ದ ಅರ್ಧ ಜನರ ಮನೆಯ ಕುರ್ಚಿ ಮೇಜು ಅದೇ ಬಾಯಿಂದ ಬಂದಿದ್ದವು. ಅವರೆಲ್ಲ ಆತುರಾತುರವಾಗಿ ಗೇಟು ದಾಟಿದರು, ಮಾತಾಡಲು.

ಸಂಶೋಧಕರು ಮಾತ್ರ ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದರು. ಆಯ್ತಪ್ಪ ಹೋಗಿ ಪಕ್ಕದಲ್ಲಿ ನಿಂತ.

"ತಪ್ಪಾಯ್ತು ಸಾರ್. ನಿಮ್ಮ ಪುಸ್ತಕ ಹಾಳು ಮಾಡಿಬಿಟ್ಟೆ."

ಅವರು ಹಲ್ಲಿಲ್ಲದ ಲೋಟವನ್ನು ಕೈಗೆತ್ತಿಕೊಂಡರು. "ಒಂದು ವಿಷಯ ಹೇಳಿ. ನೀವು ಹಲ್ಲು ಹಾಕೋಕೆ ಮುಂಚೆ ಇದರಲ್ಲಿ ಏನಿತ್ತು?"

"ನೀರು ಸಾರ್. ಬರೀ ನೀರು."

"ಕುಡಿಯದೇ ಬಿಟ್ಟುಹೋದ ನೀರು." ಸಂಶೋಧಕರು ಮೆಲ್ಲಗೆ ಎದ್ದು ನಿಂತರು. ಅವರ ಕಣ್ಣು ಹೊಳೆಯತೊಡಗಿತ್ತು. "ಅಂದ್ರೆ, ಅವತ್ತು ಸಭೇಲಿ ಅವರ ಗಂಟಲು ಒಣಗಿತ್ತು."

ಆ ಪುಸ್ತಕ ಈಗ ಅಚ್ಚಿನಲ್ಲಿದೆ. ಆಯ್ತಪ್ಪನ ಕೆಲಸಕ್ಕೆ ಏನೂ ಆಗಲಿಲ್ಲ. ಅವನ ಮೇಲೆ ಕ್ರಮ ಕೈಗೊಂಡರೆ, ಆ ಹಲ್ಲು ಮೊದಲಿಂದಲೂ ಅಲ್ಲೇ ಇತ್ತು ಎಂದು ಮೇಲಿನವರಿಗೆ ಹೇಳಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಮೇಲ್ವಿಚಾರಕರು ದೂರಾಲೋಚನೆಯವರು.

ಮರುದಿನ ಮದುವೆ ನಡೆಯಿತು. ಮಗಳು ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟಿದ್ದಳು. ಆಶೀರ್ವಾದದ ನಾಲ್ಕು ಮಾತಿಗೆ ಮಾವ ಎದ್ದರು. ಇಷ್ಟು ದಿನ ಗಂಜಿ ಕುಡಿದು ಕೂಡಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. ಮದುಮಗನನ್ನು ಹೊಗಳುವ ಭರದಲ್ಲಿ ಅವನಿಗೆ ಆರಂಭದ ಬೆಲೆಯನ್ನೂ ಕೂಗಿದರು. ಅಡುಗೆ ಆರಿತು. ಬೀಗರು ಆಕಳಿಸಿದರು. ಬೀಗಿತ್ತಿ ಬಾಗಿಲ ಕಡೆ ನೋಡತೊಡಗಿದರು. ಹೆಂಡತಿ ಆಯ್ತಪ್ಪನ ಪಕ್ಕೆಗೆ ತಿವಿದಳು.

"ನಿನ್ನೆ ಹೇಳಿದ ಹಾಗೇ ಇವತ್ತೂ ಒಂದ್ಸಲ ಹೇಳ್ರಿ."

ಆಯ್ತಪ್ಪ ಧೈರ್ಯ ತಂದುಕೊಂಡು ಮಾವನ ಹತ್ತಿರ ಹೋದ. ಮಾವ ಮಾತು ನಿಲ್ಲಿಸಿ ಅವನ ಕಡೆ ತಿರುಗಿದರು. ಮೊಮ್ಮಗಳು ತಾತನನ್ನೇ ನೋಡುತ್ತಾ ನಗುತ್ತಿದ್ದಳು. ತಾತನ ಬಾಯಲ್ಲಿ ಸೊಟ್ಟ ಕೋರೆಹಲ್ಲು ಮಿಂಚುತ್ತಿತ್ತು.

"ಇನ್ನೊಂದೆರಡು ಮಾತು ಆಡ್ಲಾ ಅಳಿಯಂದ್ರೆ?"

ಆಯ್ತಪ್ಪ ಬಹಳ ಹೊತ್ತು ಸುಮ್ಮನೆ ನಿಂತ. ಮದುವೆ ಮನೆಯೆಲ್ಲ ಅವನ ಬಾಯಿಯನ್ನೇ ನೋಡಿತು.

"ಆಯ್ತು ಮಾವ," ಎಂದ.

ಅವನು ಅವತ್ತು ಯಾಕೆ ಹಾಗೆ ಅಂದ ಎಂಬುದರ ಬಗ್ಗೆ ಇದುವರೆಗೆ ಯಾರೂ ಸಂಶೋಧನೆ ನಡೆಸಿಲ್ಲ.